ಗ್ಯಾಸ್ ಒಲೆಯ ಸಮೀಕರಣ ಸರಿದೂಗಿಸುವುದು ಹೇಗೆ?

ರಾಸಾಯನಿಕ ಸಮೀಕರಣ ಸರಿದೂಗಿಸೋದು ಅಂದ್ರೆ ಹತ್ತನೇ ಕ್ಲಾಸಿನ ಎಷ್ಟೋ ಮಕ್ಕಳು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಬೇಡ. ಬಾಣದ ಎರಡೂ ಕಡೆಯ ಪರಮಾಣುಗಳನ್ನು ಎಣಿಸಿ ಸಮ ಮಾಡಲು ಬಂದರೆ ಸಾಕು. ಅಡುಗೆ ಗ್ಯಾಸನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಮುಖ್ಯವಾಗಿ ಇರುವುದು ಬ್ಯೂಟೇನ್ ಮತ್ತು ಪ್ರೊಪೇನ್.

ಬ್ಯೂಟೇನ್ ಗಾಳಿಯ ಆಮ್ಲಜನಕದ ಜೊತೆ ಪೂರ್ತಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಬರುತ್ತವೆ. ಮೊದಲು ಅಷ್ಟನ್ನು ಬರೆಯಿರಿ (ಸಿ ಅಂದರೆ ಇಂಗಾಲ, ಹೆಚ್ ಹೈಡ್ರೋಜನ್, ಓ ಆಮ್ಲಜನಕ; ಕೆಳಗಿನ ಪುಟ್ಟ ಅಂಕಿ ಆ ಪರಮಾಣು ಎಷ್ಟಿದೆ ಎಂದು ಹೇಳುತ್ತದೆ):

ಸಿ₄ಹೆಚ್₁₀ + ಓ₂ → ಸಿಓ₂ + ಹೆಚ್₂ಓ

ಎಡಗಡೆ ಇಂಗಾಲದ ಪರಮಾಣು 4, ಬಲಗಡೆ ಒಂದೇ. ಉಳಿದ ಮೂರು ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ. ಕ್ರಿಯೆಯಲ್ಲಿ ಪರಮಾಣುಗಳು ಜೊತೆ ಬದಲಿಸುತ್ತವೆ, ಮಾಯವಾಗುವುದಿಲ್ಲ. ಹಾಗಾಗಿ ಸಿಓ₂ ಮುಂದೆ 4 ಹಾಕಿ. ಹೈಡ್ರೋಜನ್ 10 ಇದೆ, ನೀರಿನ ಮುಂದೆ 5 ಹಾಕಿ.

ಆಮ್ಲಜನಕವನ್ನು ಕೊನೆಗೇ ಮುಟ್ಟಿ. ಎಡಗಡೆ ಅದು ಒಂಟಿಯಾಗಿದೆ, ಅದರ ಮುಂದೆ ಯಾವ ಸಂಖ್ಯೆ ಹಾಕಿದರೂ ಬೇರೆ ಲೆಕ್ಕ ಕೆಡುವುದಿಲ್ಲ. ಬಲಗಡೆ ಎಣಿಸಿದರೆ 8 ಮತ್ತು 5, ಒಟ್ಟು 13. ಆದರೆ ಓ₂ ಬರುವುದು ಎರಡೆರಡಾಗಿ, ಅಂದರೆ ಆರೂವರೆ ಬೇಕು. ಇಲ್ಲೇ ಮಕ್ಕಳು ಗಾಬರಿಯಾಗಿ ಸೂತ್ರದ ಕೆಳಗಿನ ಪುಟ್ಟ ಅಂಕಿಯನ್ನು ತಿದ್ದಿಬಿಡುತ್ತಾರೆ. ದಯವಿಟ್ಟು ಅದನ್ನು ಮುಟ್ಟಬೇಡಿ! ಹೆಚ್₂ಓ ಅನ್ನು ಹೆಚ್₂ಓ₂ ಮಾಡಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಆರೂವರೆ ತಪ್ಪೇನಲ್ಲ, ಎಲ್ಲವನ್ನೂ ಎರಡರಿಂದ ಗುಣಿಸಿ:

2ಸಿ₄ಹೆಚ್₁₀ + 13ಓ₂ → 8ಸಿಓ₂ + 10ಹೆಚ್₂ಓ

ಈಗ ಎರಡೂ ಕಡೆ ಇಂಗಾಲ 8, ಹೈಡ್ರೋಜನ್ 20, ಆಮ್ಲಜನಕ 26. ಪ್ರೊಪೇನ್ (ಸಿ₃ಹೆಚ್₈) ಇನ್ನೂ ಸುಲಭ, ನೀವೇ ಮಾಡಿ ನೋಡಿ. ಆಮ್ಲಜನಕದ ಮುಂದೆ 5 ಬಂದರೆ ಸರಿ.

ಈ ಅಂಕಿಗಳು ಬರೀ ಪರೀಕ್ಷೆಗಲ್ಲ. ಪರಮಾಣು ತೂಕ ಸೇರಿಸಿ ಲೆಕ್ಕ ಹಾಕಿದರೆ 116 ಗ್ರಾಂ ಬ್ಯೂಟೇನ್ ಉರಿಯಲು 416 ಗ್ರಾಂ ಆಮ್ಲಜನಕ ಬೇಕು. ನಮ್ಮ ಮನೆಯ 14.2 ಕೆಜಿ ಸಿಲಿಂಡರ್ ಪೂರ್ತಿ ಬ್ಯೂಟೇನ್ ಅಂದುಕೊಂಡರೆ, ಅದು ಖಾಲಿಯಾಗುವಷ್ಟರಲ್ಲಿ ಸುಮಾರು 51 ಕೆಜಿ ಆಮ್ಲಜನಕ ಎಳೆದುಕೊಂಡು 43 ಕೆಜಿ ಕಾರ್ಬನ್ ಡೈಆಕ್ಸೈಡ್, 22 ಕೆಜಿ ನೀರು ಬಿಟ್ಟಿರುತ್ತದೆ. ಗ್ಯಾಸಿಗಿಂತ ನೀರೇ ಜಾಸ್ತಿ! ಆಮ್ಲಜನಕ ಸಾಲದಿದ್ದರೆ ಈ ಸಮೀಕರಣ ನಡೆಯುವುದಿಲ್ಲ. ಮಸಿ ಬರುತ್ತದೆ, ವಾಸನೆಯೇ ಇಲ್ಲದ ವಿಷ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ನೀಲಿ ಉರಿ ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಕಿಟಕಿ ತೆಗೆಯಿರಿ, ಒಲೆ ಆರಿಸಿ ತಣ್ಣಗಾದ ಮೇಲೆ ಬರ್ನರಿನ ತೂತುಗಳನ್ನು ಕ್ಲೀನ್ ಮಾಡಿ.