ಬಣ್ಣ ಹೋದರೆ ಸಾಲದು, ಸಿಒಡಿ ಇಳಿಯಬೇಕು: ಬೀಕರಿನಲ್ಲಿ ಫೆಂಟನ್ ಪರೀಕ್ಷೆ

ಕೊಳೆನೀರಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಸುಲಭವಾಗಿ ಜಗ್ಗದ ಬಣ್ಣ, ಫೀನಾಲ್, ಔಷಧದ ಉಳಿಕೆಗಳನ್ನು ಒಡೆಯಲು ಕಬ್ಬಿಣದಷ್ಟು ಸರಳವಾದ ವೇಗವರ್ಧಕ ಬೇರೊಂದಿಲ್ಲ. ಆಮ್ಲೀಯ ನೀರಿನಲ್ಲಿ ಫೆರಸ್ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡನ್ನು ಸೀಳಿ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಅತಿ ಚುರುಕಿನ ಕಣ ಹುಟ್ಟಿಸುತ್ತದೆ. ಮಾಲಿನ್ಯವನ್ನು ಒಡೆಯುವುದು ಆ ರಾಡಿಕಲ್. 1894ರಲ್ಲಿ ಈ ಜೋಡಿ ಟಾರ್ಟಾರಿಕ್ ಆಮ್ಲವನ್ನು ಉತ್ಕರ್ಷಿಸುವುದನ್ನು ಫೆಂಟನ್ ವರದಿ ಮಾಡಿದರು, ಹೆಸರು ಅಲ್ಲಿಂದ ಬಂತು.

ಮೊದಲು ಲೆಕ್ಕ. 1 ಗ್ರಾಂ ಸಿಒಡಿಗೆ (ನೀರಿನ ಮಾಲಿನ್ಯವನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾದ ಆಮ್ಲಜನಕದ ಅಳತೆ) ಸೈದ್ಧಾಂತಿಕವಾಗಿ 2.125 ಗ್ರಾಂ ಪೆರಾಕ್ಸೈಡ್ ಬೇಕು. ನೀರಿನ ಸಿಒಡಿ ಲೀಟರಿಗೆ 500 ಮಿ.ಗ್ರಾಂ ಇದ್ದರೆ ಸುಮಾರು 1,060 ಮಿ.ಗ್ರಾಂ, ಅಂದರೆ 30% ದ್ರಾವಣದ 3.2 ಮಿ.ಲೀ. ಕಬ್ಬಿಣವನ್ನು ಪೆರಾಕ್ಸೈಡಿನ ತೂಕದ ಹತ್ತನೇ ಒಂದರಿಂದ ಶುರುಮಾಡಿ: 106 ಮಿ.ಗ್ರಾಂ ಕಬ್ಬಿಣಕ್ಕೆ ಏಳು ನೀರಿನ (ಹೆಪ್ಟಾಹೈಡ್ರೇಟ್) ಫೆರಸ್ ಸಲ್ಫೇಟ್ 0.53 ಗ್ರಾಂ. ಹರಳು ತಿಳಿ ನೀಲಿ-ಹಸಿರಾಗಿರಬೇಕು. ಮೇಲೆ ಕಂದು ಪುಡಿ ಕಟ್ಟಿದ್ದರೆ ಫೆರಸ್ ಕಬ್ಬಿಣ ಆಗಲೇ ಉತ್ಕರ್ಷಿತವಾಗಿ ಫೆರಿಕ್ ಆಗಿದೆ, ಕ್ರಿಯೆ ಮಂದವಾಗುತ್ತದೆ. ಹೊಸ ಡಬ್ಬಿ ತೆರೆಯಿರಿ.

ಕನ್ನಡಕ, ನೈಟ್ರೈಲ್ ಕೈಗವಸು ಹಾಕಿಕೊಂಡು 1 ಲೀಟರ್ ನೀರನ್ನು ಕದಡುತ್ತ ಪಿಎಚ್ 2.8 ಮತ್ತು 3ರ ನಡುವೆ ಬರುವಂತೆ ಇಳಿಸಿ. ಅದಕ್ಕೆ ಸಲ್ಫ್ಯೂರಿಕ್ ಆಮ್ಲವೇ ಆಗಬೇಕು, ಏಕೆಂದರೆ ಹೈಡ್ರೋಕ್ಲೋರಿಕ್ ಆಮ್ಲದ ಕ್ಲೋರೈಡ್ ರಾಡಿಕಲ್‌ಗಳನ್ನೇ ಕಬಳಿಸುತ್ತದೆ. ಪಿಎಚ್ 4 ದಾಟಿದರೆ ಫೆರಿಕ್ ಕಬ್ಬಿಣ ಹೈಡ್ರಾಕ್ಸೈಡಾಗಿ ತಳ ಸೇರುತ್ತದೆ, ಎಷ್ಟು ಪೆರಾಕ್ಸೈಡ್ ಸುರಿದರೂ ವ್ಯರ್ಥ. ಸಲ್ಫೇಟ್ ಪೂರ್ತಿ ಕರಗಿದ ಮೇಲೆ ಪೆರಾಕ್ಸೈಡನ್ನು ನಾಲ್ಕೈದು ಕಂತಾಗಿ, ಹತ್ತು ನಿಮಿಷದ ಅಂತರದಲ್ಲಿ ಹಾಕಿ. ಒಂದೇ ಸಲ ಸುರಿದರೆ ಹೆಚ್ಚಾದ ಪೆರಾಕ್ಸೈಡೇ ರಾಡಿಕಲ್‌ಗಳನ್ನು ತಿಂದುಹಾಕುತ್ತದೆ, ಸಾಂದ್ರ ನೀರಾದರೆ ಬಿಸಿಯೇರಿ ನೊರೆಯುಕ್ಕುತ್ತದೆ. ಅನಿಲ ಬರುವುದರಿಂದ ಬಾಟಲಿಯ ಬಾಯಿ ಎಂದೂ ಬಿಗಿಯಬೇಡಿ.

ಫೀನಾಲ್ ಇರುವ ನೀರು ಮೊದಲು ಕಡುಕಂದಾಗುತ್ತದೆ. ಗಾಬರಿ ಬೇಡ: ಫೀನಾಲಿನ ಇಂಗಾಲದ ಉಂಗುರ ಒಡೆಯುವ ಮುನ್ನ ಕ್ವಿನೋನ್ ಎಂಬ ಬಣ್ಣದ ಸಂಯುಕ್ತಗಳು ಹುಟ್ಟುತ್ತವೆ, ಆಮೇಲೆ ತಿಳಿ ಹಳದಿಗೆ ಬರುತ್ತದೆ. ಅಷ್ಟಕ್ಕೇ ನಿಲ್ಲಿಸಿದವರು ಮೋಸಹೋಗುತ್ತಾರೆ. ಬಣ್ಣ ಕೊಡುವ ಬಂಧ ಮೊದಲೇ ಮುರಿದರೂ ಆಕ್ಸಾಲಿಕ್, ಅಸಿಟಿಕ್‌ನಂಥ ಸಣ್ಣ ಆಮ್ಲಗಳು ನೀರಲ್ಲೇ ಉಳಿಯುತ್ತವೆ. ಆಕ್ಸಲೇಟ್ ಅಂತೂ ಕಬ್ಬಿಣವನ್ನು ಹಿಡಿದಿಟ್ಟು ಕೆಲಸ ನಿಲ್ಲಿಸುತ್ತದೆ.

60ರಿಂದ 90 ನಿಮಿಷದ ನಂತರ ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ 8ಕ್ಕೆ ಏರಿಸಿ. ಕಂದು ಗಸಿ ಕೆಳಗಿಳಿಯುವ ಬದಲು ಗುಳ್ಳೆ ಹಿಡಿದು ಮೇಲೆ ತೇಲಿದರೆ ಪೆರಾಕ್ಸೈಡ್ ಇನ್ನೂ ಉಳಿದಿದೆ ಎಂದರ್ಥ. ಪೆರಾಕ್ಸೈಡ್ ಪರೀಕ್ಷಾ ಪಟ್ಟಿಯಿಂದ ನೋಡಿ, ಸೊನ್ನೆಗೆ ಬರುವವರೆಗೆ ಸಿಒಡಿ ಅಳೆಯಬೇಡಿ: 1 ಮಿ.ಗ್ರಾಂ ಪೆರಾಕ್ಸೈಡ್ ಸುಮಾರು 0.47 ಮಿ.ಗ್ರಾಂ ಸಿಒಡಿಯಂತೆ ಸುಳ್ಳು ಲೆಕ್ಕ ತೋರಿಸಬಲ್ಲದು. ಉಳಿದ ಪೆರಾಕ್ಸೈಡನ್ನು ಕೊಲ್ಲಲು ಸಲ್ಫೈಟ್ ಅತಿಯಾಗಿ ಹಾಕಿದರೆ ಅದೂ ಸಿಒಡಿ ಏರಿಸುತ್ತದೆ.

ಇದರ ಜೊತೆಗೆ ಇನ್ನೆರಡು ಬೀಕರ್ ಇಡಲೇಬೇಕು: ಒಂದರಲ್ಲಿ ಕಬ್ಬಿಣ ಮಾತ್ರ, ಇನ್ನೊಂದರಲ್ಲಿ ಪೆರಾಕ್ಸೈಡ್ ಮಾತ್ರ. ಪಿಎಚ್ ಏರಿಸಿದಾಗ ಕಬ್ಬಿಣದ ಗಸಿಯೇ ಮಾಲಿನ್ಯವನ್ನು ಮೆತ್ತಿಕೊಂಡು ತಳಕ್ಕಿಳಿಸುತ್ತದೆ. ಆ ಇಳಿಕೆಯನ್ನು ಕಳೆಯದೆ ಎಲ್ಲವೂ ಉತ್ಕರ್ಷಣೆಯಿಂದಲೇ ಆಯಿತು ಎನ್ನುವುದು ತಪ್ಪು.

ಗಸಿ ಬೇಡವೆಂದು ಮ್ಯಾಗ್ನೆಟೈಟ್‌ (ಕಬ್ಬಿಣದ ಆಕ್ಸೈಡ್ ಖನಿಜ)ನಂಥ ಘನ ವೇಗವರ್ಧಕದ ಪುಡಿ ಬಳಸುವುದಾದರೆ, ಪೆರಾಕ್ಸೈಡ್ ಹಾಕುವ ಮೊದಲು 30 ನಿಮಿಷ ಕದಡಿ ಹೀರಿಕೆಯನ್ನು ಬೇರೆಯಾಗಿ ಅಳೆಯಿರಿ. ನಡುವೆ ಸ್ವಲ್ಪ ನೀರು ತೆಗೆದು 0.45 ಮೈಕ್ರಾನ್ ಶೋಧಕದಲ್ಲಿ ಸೋಸಿಡಿ. ಸೋಸಿದ ನೀರಿನಲ್ಲೂ ಕ್ರಿಯೆ ಅದೇ ವೇಗದಲ್ಲಿ ಮುಂದುವರಿದರೆ ಕೆಲಸ ಮಾಡುತ್ತಿರುವುದು ಆ ಪುಡಿಯಲ್ಲ, ಅದರಿಂದ ಕರಗಿ ಬಂದ ಕಬ್ಬಿಣ.