ತುಮಕೂರು–ಚಿಕ್ಕಬಳ್ಳಾಪುರ–ಗುಡಿಬಂಡೆ ಸ್ಕೂಟರ್ ಸುತ್ತು, ನಾಲ್ಕು ಲೇನ್ ಹೈವೇ ಇಲ್ದೆ: ಮ್ಯಾಪಲ್ಲಿ ರೂಟ್ ಹಾಕಿದ ನನ್ನ ಅನುಭವ

ತುಮಕೂರಿಂದ ಚಿಕ್ಕಬಳ್ಳಾಪುರಕ್ಕೆ ಫೋನಲ್ಲಿ ದಾರಿ ಕೇಳಿದ್ರೆ ಡಾಬಸ್‌ಪೇಟೆ, ದೊಡ್ಡಬಳ್ಳಾಪುರ ಅಂತಾನೇ ಬರೋದು. ಟೈಮ್ ಲೆಕ್ಕದಲ್ಲಿ ಅದು ಸರಿ, ಆದ್ರೆ ಲಾರಿ ಸಾಲಿನ ಮಧ್ಯ 110 ಸಿಸಿ ಸ್ಕೂಟರ್ ಓಡ್ಸೋರಿಗೆ ಆ ದಾರಿ ಬೇಡ್ವೇ ಬೇಡ. ನಮ್ಗೆ ಬೇಕಿದ್ದು ಬೇರೆ. ನಾಮದ ಚಿಲುಮೆ, ದೇವರಾಯನದುರ್ಗದ ಕಾಡು ದಾಟಿ ಗೊರವನಹಳ್ಳಿ, ಕೊರಟಗೆರೆ, ತೊಂಡೇಬಾವಿ, ಮಂಚೇನಹಳ್ಳಿ, ಅಲ್ಲಿಂದ ಚಿಕ್ಕಬಳ್ಳಾಪುರದ ಅಂಚು ಮುಟ್ಟಿ ಒಳದಾರೀಲೇ ಮಂಡಿಕಲ್ ಕಡೆ, ಆವಲಬೆಟ್ಟ, ಗುಡಿಬಂಡೆ, ವಾಪಸ್ ಗೌರಿಬಿದನೂರು, ಮಧುಗಿರಿ ಮೇಲೆ ಮನೆ. ಸುಮಾರು 250 ಕಿಮೀ. ಬೆಳಿಗ್ಗೆ ಐದೂವರೆಗೆ ಬಿಟ್ರೆ ಕತ್ತಲಾಗೋಕೆ ಮುಂಚೆ ಮನೆ ಸೇರ್ಬೇಕು, ಯಾರೂ ದಾರಿ ತಪ್ಪಬಾರದು, ಮಧ್ಯ ನಿಂತು "ಅಣ್ಣಾ ಈ ರೋಡ್ ಎಲ್ಲಿಗೆ ಹೋಗುತ್ತೆ" ಅಂತ ಕೇಳೋ ಹಾಗೆ ಇರಬಾರದು.

ಬುಲೆಟ್ ಗುಂಪಿನವ್ರು ಇದನ್ನ ಕೇಳಿ "ಸ್ಕೂಟರಲ್ಲಿ ಒಳ್ರೋಡಾ, ಅರ್ಧಕ್ಕೇ ವಾಪಸ್ ಬರ್ತೀರಾ ಬಿಡಿ" ಅಂದ್ರು. ನನ್ ಬಾಮೈದ "ಮ್ಯಾಪ್ ಹಾಕ್ಕೊಂಡು ಹೋಗೋಕೆ ಇಷ್ಟೊಂದ್ ಯಾಕೆ ಭಾವ, ಊರಿನ ಹೆಸ್ರು ಟೈಪ್ ಮಾಡಿದ್ರೆ ಆಯ್ತಲ್ಲ" ಅಂದ. ನಮ್ ಗುಂಪಲ್ಲೇ ಇರೋ ರಿಟೈರ್ಡ್ ಮೇಷ್ಟ್ರಿಗೂ ನಂಬಿಕೆ ಇರ್ಲಿಲ್ಲ. ಈಗ ಅವ್ರೇ ಮುಂದಿನ ಭಾನುವಾರದ ರೂಟ್ ಫೈಲ್ ಯಾವಾಗ ಕಳಿಸ್ತೀಯಪ್ಪ ಅಂತ ಗುರುವಾರವೇ ಫೋನ್ ಮಾಡ್ತಾರೆ. ಅದ್ಕೇ ಬರೀತಾ ಇದೀನಿ.

ಮೊದ್ಲು ಎಲ್ರೂ ಮಾಡೋ ಹಾಗೇ ಶುರು ಮಾಡಿದ್ದು, ಗೂಗಲ್ ಮ್ಯಾಪ್ಸಲ್ಲಿ ಸ್ಟಾಪ್ ಸೇರಿಸ್ತಾ ಹೋಗೋದು. ಒಂದು ರೂಟಿಗೆ ಸ್ಟಾರ್ಟು, ಕೊನೆ ಬಿಟ್ಟು ಒಂಬತ್ತರ ಆಸುಪಾಸು ಸ್ಟಾಪ್ ಅಷ್ಟೇ ತಗೊಳೋದು, 250 ಕಿಮೀ ಒಳದಾರಿಗೆ ಅದು ಯಾವ ಮೂಲೆಗೂ ಸಾಲಲ್ಲ. ಪ್ರತಿ ಸ್ಟಾಪಿಗೂ "ತಲುಪಿದ್ದೀರಿ" ಅಂತ ಬೇರೆ ಹೇಳುತ್ತೆ, ಗ್ಲೌಸ್ ತೆಗ್ದು ಮುಂದುವರಿಸು ಅಂತ ಒತ್ತಬೇಕು. ಕಂಪ್ಯೂಟರಲ್ಲಿ ನೀಲಿ ಗೆರೆನ ಎಳ್ದು ಬೇಕಾದ ರೋಡಿಗೆ ತಂದಿಟ್ಟು ಫೋನಿಗೆ ಕಳಿಸೋದೂ ನೋಡಿದ್ವಿ, ಫೋನಲ್ಲಿ ತೆಗೆಯೋ ಹೊತ್ತಿಗೆ ಎಳೆದಿದ್ದೆಲ್ಲ ಹೋಗಿ ಮತ್ತೆ ದೊಡ್ಡ ರೋಡಿಗೇ ಬಂದಿರೋದು.

ಆಮೇಲೆ ದುಡ್ಡು ಕೊಟ್ಟು ಒಂದು ಫಾರಿನ್ ಬೈಕ್ ಆ್ಯಪ್ ತಗೊಂಡ್ವಿ, ವರ್ಷಕ್ಕೆ ಎರಡು ಸಾವಿರದ ಹತ್ರ ಹತ್ರ. ಹೆಸ್ರು ಬೇಡ. ತಿರುವು ಜಾಸ್ತಿ ಇರೋ ರೋಡ್ ತಾನೇ ಹುಡುಕಿ ಕೊಡುತ್ತೆ ಅಂತ ಹೇಳಿದ್ರು, ಹುಡುಕಿ ಕೊಡ್ತು ಕೂಡ, ಆದ್ರೆ ಕೊಟ್ಟಿದ್ದು ಮಧುಗಿರಿ ಆಚೆ ಮಿಡಿಗೇಶಿ ಕಡೆ ಹೊಲದ ಬದುವಿನ ಗಾಡಿ ಜಾಡು. ದೊಡ್ಡ ಬೈಕಿಗೆ ಪರವಾಗಿಲ್ಲ, ಸ್ಕೂಟರಿನ ಹತ್ತು ಹನ್ನೆರಡು ಇಂಚಿನ ಚಕ್ರಕ್ಕೆ ಮರಳು, ಜಲ್ಲಿ ಬಂದ್ರೆ ಮುಗೀತು, ಹ್ಯಾಂಡಲ್ ತಾನಾಗೇ ತಿರುಗುತ್ತೆ. ವರ್ಷ ಮುಗಿದ್ಮೇಲೆ ಅದನ್ನ ರಿನ್ಯೂ ಮಾಡ್ಲಿಲ್ಲ.

ಈಗ ನಾನು ಮಾಡೋದು ಇಷ್ಟು. ಕಂಪ್ಯೂಟರಲ್ಲಿ, ನಮ್ಮದೇ ಮ್ಯಾಪ್ ಮಾಡ್ಕೊಳ್ಳೋಕೆ ಬಿಡೋ ಗೂಗಲ್ ಮೈ ಮ್ಯಾಪ್ಸ್ ತೆಗೀತೀನಿ (ಅದರ ಫೋನ್ ಆ್ಯಪ್ 2021ರಲ್ಲೇ ನಿಂತುಹೋಗಿದೆ, ಬ್ರೌಸರೇ ಗತಿ). ಅದ್ರಲ್ಲೂ ಒಂದು ಲೇಯರಿನ ರೂಟಿಗೆ ಹತ್ತೇ ಜಾಗ, ಆದ್ರೆ ಹತ್ತು ಲೇಯರ್ ಹಾಕ್ಬಹುದಲ್ಲ, ಹಾಗಾಗಿ ಸುತ್ತನ್ನ ನಾಲ್ಕೈದು ತುಂಡು ಮಾಡ್ತೀನಿ, ಒಂದೊಂದು ತುಂಡೂ ಒಂದು ಟೀ ನಿಲ್ದಾಣದಿಂದ ಇನ್ನೊಂದು ಟೀ ನಿಲ್ದಾಣಕ್ಕೆ. ಎಲ್ಲ ಸರಿ ಕೂತ್ಮೇಲೆ ಕೆಎಂಎಲ್ (ಹಾಕಿದ ಗೆರೆ, ಪಿನ್ ಇರೋ ಫೈಲು) ಇಳಿಸ್ಕೊಂಡು ಓಸ್ಮ್‌ಆ್ಯಂಡ್ ಅನ್ನೋ, ನೆಟ್ ಇಲ್ದೇನೂ ದಾರಿ ತೋರ್ಸೋ ಫೋನ್ ಆ್ಯಪಿಗೆ ಹಾಕ್ತೀನಿ, ಅದು ಕೆಎಂಎಲ್ ಹಾಗೇ ತಗೊಂಡು ಜಿಪಿಎಕ್ಸ್ (ಜಿಪಿಎಸ್ ಆ್ಯಪ್‌ಗಳು ಓದೋ ರೂಟ್ ಫೈಲು) ಮಾಡ್ಕೊಳುತ್ತೆ. ಕರ್ನಾಟಕದ ಮ್ಯಾಪ್ ಒಂದೇ ಫೈಲು, ಫ್ರೀ ವರ್ಷನಲ್ಲಿ ಏಳು ಡೌನ್‌ಲೋಡ್ ಸಿಗುತ್ತೆ, ನಮ್ಗೆ ಸಾಕು. ಆ ಗೆರೆನ ಟ್ರ್ಯಾಕ್ ಅಂತ ಫಾಲೋ ಮಾಡ್ಸಿದ್ರೆ ಆ್ಯಪ್ ತನ್ನ ತಲೆ ಓಡ್ಸಲ್ಲ, ನಾನು ಹಾಕಿದ ಗೆರೆ ಮೇಲೇ ಇರುತ್ತೆ. ಹೋಟೆಲಿಗೋ ಪೆಟ್ರೋಲಿಗೋ ಪಕ್ಕಕ್ಕೆ ಹೋಗಿ ಬಂದ್ರೆ ಶುರುವಿನಿಂದ ಬಾ ಅನ್ನದ ಹಾಗೆ, ಹತ್ತಿರದ ಬಿಂದುವಿಗೆ ಸೇರ್ಸು ಅನ್ನೋ ಸೆಟ್ಟಿಂಗ್ ಹಾಕಿಡ್ಬೇಕು, ಇದನ್ನ ಮರೀಬೇಡಿ.

ಪಿನ್ ಎಲ್ಲಿ ಹಾಕ್ತೀರಿ ಅನ್ನೋದ್ರಲ್ಲೇ ಎಲ್ಲಾ ಇರೋದು. ನಾವು ಅದಕ್ಕೆ ಮೊಳೆ ಹೊಡೆಯೋದು ಅಂತೀವಿ. ಜಂಕ್ಷನ್ ಮೇಲೇ ಮೊಳೆ ಹೊಡೆದ್ರೆ ಯಾವ ಕವಲು ಅಂತ ಆ್ಯಪಿಗೆ ಗೊತ್ತಾಗಲ್ಲ. ತಿರುಗಬೇಕಾದ ರೋಡಿಗೆ ತಿರುಗಿ ಇನ್ನೂರು ಮೀಟರ್ ಒಳಗೆ ಹೋಗಿ ಹೊಡೀಬೇಕು, ಅದೂ ಪೂರ್ತಿ ಜೂಮ್ ಮಾಡಿ ಡಾಂಬರಿನ ಮಧ್ಯಕ್ಕೆ. ಅಂಗಡಿ ಮೇಲೋ ದೇವಸ್ಥಾನದ ಮೇಲೋ ಬಿದ್ರೆ ಅದರ ಬಾಗಿಲವರೆಗೂ ಕರ್ಕೊಂಡು ಹೋಗಿ ಮತ್ತೆ ಹಿಂದಕ್ಕೆ ಕಳಿಸುತ್ತೆ, ಗೊರವನಹಳ್ಳಿ ಮಹಾಲಕ್ಷ್ಮಿ ಹತ್ರ ಇದು ಆಗೇ ಆಗುತ್ತೆ. ಮಧ್ಯ ಡಿವೈಡರ್ ಇರೋ ರೋಡಲ್ಲಿ ಆ ಕಡೆ ಪಟ್ಟಿಗೆ ಬಿದ್ರಂತೂ ಎರಡು ಮೂರು ಕಿಮೀ ಮುಂದೆ ಹೋಗಿ ಯೂ ಟರ್ನ್ ಹೊಡ್ಕೊಂಡು ಬನ್ನಿ ಅನ್ನುತ್ತೆ. ಒಟ್ಟು ಕಿಮೀ ಇದ್ದಕ್ಕಿದ್ದ ಹಾಗೆ ನಾಲ್ಕೈದು ಜಾಸ್ತಿ ಆದ್ರೆ ಎಲ್ಲೋ ಒಂದು ಮೊಳೆ ಪಕ್ಕಕ್ಕೆ ಬಿದ್ದಿದೆ ಅಂತ ಅರ್ಥ, ನಾನು ಪ್ರತಿ ಮೊಳೆ ಹೊಡೆದ ಮೇಲೂ ಕಿಮೀ ನೋಡ್ತೀನಿ.

ಊರಿನ ಹೆಸ್ರು ಟೈಪ್ ಮಾಡಿ ಹಾಕೋದನ್ನ ಪೂರ್ತಿ ಬಿಟ್ಟಿದೀನಿ. ಹೊಸಹಳ್ಳಿ, ಗೊಲ್ಲರಹಟ್ಟಿ, ತಿಮ್ಮನಹಳ್ಳಿ ಎಷ್ಟಿಲ್ಲ ನಮ್ ಜಿಲ್ಲೇಲಿ, ತಾಲ್ಲೂಕಿಗೆ ಎರಡು ಮೂರು. ಅದ್ಕೇ ಬರೀ ಅಕ್ಷಾಂಶ ರೇಖಾಂಶ. ತುಮಕೂರು ಅಂದ್ರೆ 13.34, 77.10, ಈ ಎರಡು ನಂಬರ್ ಮನಸಲ್ಲಿದ್ರೆ ಅದಲು ಬದಲು ಆಗಿದ್ದೂ ತಕ್ಷಣ ಗೊತ್ತಾಗುತ್ತೆ. ನಂಬರೆಲ್ಲ ಒಂದು ಶೀಟಲ್ಲಿ ಇಟ್ಟಿದೀನಿ, ಆ ಶೀಟೇ ತುಂಡು ತುಂಡಾಗಿ ಲಿಂಕ್ ಮಾಡಿ ಕೊಡುತ್ತೆ, ಓಸ್ಮ್‌ಆ್ಯಂಡ್ ಬೇಡ ಅನ್ನೋರು ವಾಟ್ಸಾಪಲ್ಲಿ ಒತ್ತಿದ್ರೆ ಸಾಕು. ಅದರ ಫಾರ್ಮುಲಾ ಮಾತ್ರ ಕೇಳ್ಬೇಡಿ, ಬಹಳ ರಾತ್ರಿ ಕೂತು ಕಟ್ಟಿದ್ದು.

ರೋಡ್ ಡಾಂಬರೋ ಮಣ್ಣೋ ಅನ್ನೋದು ಸ್ಯಾಟಲೈಟ್ ಚಿತ್ರದಲ್ಲಿ ಅರ್ಧ ಗೊತ್ತಾಗುತ್ತೆ, ಕಪ್ಪು ಇದ್ರೆ ಡಾಂಬರು, ಬಿಳಿ ಇದ್ರೆ ಕಾಂಕ್ರೀಟೂ ಇರ್ಬಹುದು ಮಣ್ಣೂ ಇರ್ಬಹುದು. ಅಲ್ಲಿ ನಾನು ಓಪನ್‌ಸ್ಟ್ರೀಟ್‌ಮ್ಯಾಪ್ ಹಿಡ್ಕೊಂಡೆ, ಯಾರು ಬೇಕಾದ್ರೂ ತಿದ್ದಬಹುದಾದ ಮ್ಯಾಪ್ ಅದು, ಓಸ್ಮ್‌ಆ್ಯಂಡ್ ಬಳಸೋದೂ ಅದನ್ನೇ. ಸ್ಟ್ರೀಟ್‌ಕಂಪ್ಲೀಟ್ ಅಂತ ಆ್ಯಪ್ ಇದೆ, ರೋಡಲ್ಲಿ ನಿಂತಾಗ ಇದರ ಮೇಲ್ಮೈ ಏನು ಅಂತ ಕೇಳುತ್ತೆ, ಉತ್ತರ ಒತ್ತಿದ್ರೆ ಮ್ಯಾಪಿಗೇ ಸೇರುತ್ತೆ, ಓಸ್ಮ್‌ಆ್ಯಂಡಿನ ಮ್ಯಾಪ್ ತಿಂಗಳಿಗೊಮ್ಮೆ ಹೊಸದಾಗೋವಾಗ ನಮ್ಮ ಫೋನಿಗೇ ವಾಪಸ್ ಬರುತ್ತೆ. ಮಣ್ಣು ರೋಡ್ ಬೇಡ ಅನ್ನೋ ಆಯ್ಕೆ ಒಳ್ರೋಡಲ್ಲಿ ಕೆಲ್ಸ ಮಾಡ್ಬೇಕಾದ್ರೆ ಯಾರಾದ್ರೂ ಇದನ್ನ ತುಂಬಿರಲೇಬೇಕು. ಕೊರಟಗೆರೆ ಸುತ್ತಮುತ್ತ, ಸಿದ್ಧರಬೆಟ್ಟದ ಕಡೆ, ತೋವಿನಕೆರೆ ಕಡೆ ಸುಮಾರು ಪಂಚಾಯ್ತಿ ರೋಡುಗಳಿಗೆ ನಾನೇ ತುಂಬಿದೀನಿ, ಈಗ ಅಲ್ಲಿ ಯಾರು ಸ್ಕೂಟರಲ್ಲಿ ಹೋದ್ರೂ ಅದರ ಉಪಯೋಗ ಆಗುತ್ತೆ. ಇದು ನನಗೆ ನಿಜಕ್ಕೂ ಖುಷಿ ಕೊಡೋ ವಿಷ್ಯ.

ಕೋಲಾರದ ಕಡೆ ಒಂದು ಸುತ್ತು ಹಾಕೋಕೆ ಹೋದಾಗ ಬೇರೆ ಪಾಠ. ಕೈವಾರ, ಚಿಂತಾಮಣಿ, ಆಮೇಲೆ ಕೋಲಾರ ಅಂತರಗಂಗೆ, ಆವನಿ, ಕುರುಡುಮಲೆ ಅಂತ ಪ್ಲಾನು. ಎಲ್ಲೆಲ್ಲೂ ಕೆರೆ ಏರಿ ರೋಡು, ಸ್ಕೂಟರಿಗೆ ಅದಕ್ಕಿಂತ ಚೆಂದದ ದಾರಿ ಇಲ್ಲ. ಆದ್ರೆ ಹಳೇ ಚಿತ್ರದಲ್ಲಿ ಒಣಗಿದ ಕೆರೆ ಅಂಗಳದ ಮಧ್ಯ ಸೀಳ್ಕೊಂಡು ಹೋಗೋ ಜಾಡುಗಳು ಕಾಣ್ತವೆ, ಕೆಲವನ್ನ ಯಾರೋ ಮ್ಯಾಪಿಗೆ ಗೆರೆ ಕೂಡ ಎಳೆದಿದ್ದಾರೆ. 2018ರಲ್ಲಿ ಕೆಸಿ ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡೋದು) ಮೊದ್ಲು ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಅಲ್ಲಿಂದ ಮುಂದೆ ಒಂದೊಂದೇ ಕೆರೆ ತುಂಬ್ತಾ ಹೋಗಿದೆ, ಆ ಜಾಡೆಲ್ಲ ಈಗ ನೀರೊಳಗೆ. ಹಾಗಾಗಿ ಕೋಲಾರ ಜಿಲ್ಲೇಲಿ ಗೆರೆ ಕೆರೆ ಅಂಗಳ ದಾಟಿದ್ರೆ ನಾನು ಕಣ್ಮುಚ್ಚಿ ಅಳಿಸಿ ಏರಿ ಮೇಲಕ್ಕೆ ತರ್ತೀನಿ. ಗೂಗಲ್ ಅರ್ಥಲ್ಲಿ ಚಿತ್ರದ ತಾರೀಕು, ಹಳೇ ಚಿತ್ರ ಎರಡೂ ಸಿಗುತ್ತೆ, ಹೋಲಿಸಿ ನೋಡಿ.

ಇನ್ನೊಂದು, ಹೊಸಕೋಟೆಯಿಂದ ಬೇತಮಂಗಲದ ಕಡೆ ಹೋಗೋ ಚೆನ್ನೈ ಎಕ್ಸ್‌ಪ್ರೆಸ್‌ವೇ. ಅದಕ್ಕೆ ಟೂ ವೀಲರ್ ಬಿಡಲ್ಲ. ಮಾಲೂರು, ಕೆಜಿಎಫ್ ಕಡೆ ಹಳ್ಳಿ ರೋಡು ಅದರ ಕೆಳಗೆ ತೂರಿ ಹೋಗೋ ಕಡೆ ಮೊಳೆ ಹೊಡೆದ್ರೆ ಅದು ಮೇಲಿನ ಎಕ್ಸ್‌ಪ್ರೆಸ್‌ವೇಗೆ ಅಂಟ್ಕೊಳುತ್ತೆ, ಸೇತುವೆಯಿಂದ ದೂರ ಎರಡೂ ಕಡೆ ಒಂದೊಂದು ಹೊಡೆದ್ರೆ ಸರಿ. ರೈಲ್ವೆ ಅಂಡರ್‌ಪಾಸ್ ಇರೋ ಕಡೆ ಮಳೆಗಾಲಕ್ಕೆ ಒಂದು ಬದಲಿ ತುಂಡು ಯಾವಾಗ್ಲೂ ರೆಡಿ ಇಟ್ಟಿರ್ತೀನಿ, ನೀರು ನಿಂತ ಮೇಲೆ ಸೈಲೆನ್ಸರ್ ಮುಳುಗಿದ್ರೆ ಸ್ಕೂಟರ್ ಅಲ್ಲೇ. ಮ್ಯಾಪಲ್ಲಿ ಎಂದಿಗೂ ಬರದ ಇನ್ನೊಂದು ಅಂದ್ರೆ ಒಕ್ಕಣೆ. ಡಿಸೆಂಬರ್, ಜನವರೀಲಿ ಮಧುಗಿರಿ, ಗೌರಿಬಿದನೂರು ಕಡೆ ರಾಗಿ, ಹುರುಳಿ ರೋಡ್ ಮೇಲೇ ಹಾಸಿರ್ತಾರೆ, ಅದರ ಮೇಲೆ ಬ್ರೇಕ್ ಹಿಡಿದ್ರೆ ಬಿದ್ದಂಗೇ. ಆ ಎರಡು ತಿಂಗಳು ಊರಿಗೂ ಹೊಲಕ್ಕೂ ಮಧ್ಯದ ನೆಟ್ಟಗಿನ ಪಂಚಾಯ್ತಿ ರೋಡು ಬಿಟ್ಟು ಬಸ್ಸು ಓಡಾಡೋ ರೋಡಿಗೆ ತಿರುಗಿಸ್ತೀನಿ.

ಮಧ್ಯ ಒಂದು ಪ್ರಯೋಗ ಮಾಡಿದ್ವಿ. ಒಂದೇ ರೂಟು, ಅರ್ಧ ಜನಕ್ಕೆ ಬರೀ ದನಿ, ಫೋನ್ ಜೇಬಲ್ಲಿ, ಇನ್ನರ್ಧಕ್ಕೆ ಬರೀ ಚಿತ್ರ, ದನಿ ಇಲ್ಲ. ಕನ್ನಡ ದನಿಯಲ್ಲಿ ಕೇಳ್ಕೊಂಡು ಬಂದ ಮೇಷ್ಟ್ರು ದೊಡ್ಡ ರೋಡಲ್ಲಿ ನಿರಾಳವಾಗಿ ಬಂದ್ರು, ಆದ್ರೆ ಹಳ್ಳಿ ಒಳಗೆ ಮೂರು ಸಂದಿ ಹತ್ತಹತ್ತಿರ ಇರೋ ಕಡೆ "ಎಡಕ್ಕೆ ತಿರುಗಿ" ಅಂದ್ರೆ ಯಾವ ಎಡ ಅಂತ ಗೊತ್ತಾಗದೆ ನಿಂತುಬಿಡೋರು. ಚಿತ್ರ ನೋಡ್ತಾ ಬಂದೋರು ಊರೊಳಗೆ ಜೋರು, ಹೊರಗೆ ಸುಸ್ತು. ಕೊನೆಗೆ ಮುಂದೆ ಹೋಗೋರಿಗೆ ಎರಡೂ, ಹಿಂದಿನವ್ರಿಗೆ ದನಿ ಮಾತ್ರ ಅಂತ ಮಾಡ್ಕೊಂಡ್ವಿ. ಹ್ಯಾಂಡಲಲ್ಲಿ ಫೋನ್ ಇಟ್ರೆ ಪೊಲೀಸ್ರು ಹಿಡೀತಾರಾ ಅಂತ ಕೆಲವರು ಕೇಳ್ತಾರೆ. 2020ರ ಅಕ್ಟೋಬರಿನಿಂದ ಮೋಟಾರು ವಾಹನ ನಿಯಮದಲ್ಲೇ ದಾರಿ ನೋಡೋಕೆ ಮಾತ್ರ ಫೋನ್ ಬಳಸ್ಬಹುದು, ಗಮನ ತಪ್ಪಬಾರದು ಅಂತ ಇದೆ.

ಇನ್ನು ದುಡ್ಡಿನ ಲೆಕ್ಕ. ಮೊದ್ಲು ತಗೊಂಡ ಮೊಬೈಲ್ ಹೋಲ್ಡರ್ 250 ರೂಪಾಯಿದು, ಕುಣಿಗಲ್ ರೋಡಲ್ಲಿ ಹಂಪ್ ಹಾರಿದಾಗ ಕ್ಲಿಪ್ಪು ಕಿತ್ತು ಫೋನ್ ರೋಡಿಗೆ, ಡಿಸ್‌ಪ್ಲೇಗೆ ಮೂರು ಸಾವಿರ ಚಿಲ್ಲರೆ ಹೋಯ್ತು. ಈಗಿರೋದು ಮೆಟಲ್ಲು, ಅಡಿಗೆ ರಬ್ಬರ್ ಡ್ಯಾಂಪರ್, 1100–1200 ಇರ್ಬೇಕು. ಬೈಕ್ ಎಂಜಿನ್ ನಡುಕದಿಂದ ಐಫೋನ್ ಕ್ಯಾಮೆರಾ ಕೆಡಬಹುದು ಅಂತ ಆಪಲ್ಲೇ 2021ರಲ್ಲಿ ಹೇಳಿತ್ತು, ಅದನ್ನ ಓದಿದ್ಮೇಲೆ ನಮ್ ಗುಂಪಲ್ಲಿ ಒಳ್ಳೆ ಫೋನ್ ಹ್ಯಾಂಡಲ್‌ಗೆ ಹಾಕೋದೇ ನಿಲ್ಲಿಸಿದ್ವಿ. ಸೆಕೆಂಡ್ ಹ್ಯಾಂಡ್ ಫೋನ್ ಒಂದು ನಾಲ್ಕು ಸಾವಿರಕ್ಕೆ ತಗೊಂಡು ಅದ್ರಲ್ಲಿ ಸಿಮ್ ಇಲ್ದೆ ಬರೀ ಓಸ್ಮ್‌ಆ್ಯಂಡ್. ಜಿಪಿಎಸ್‌ಗೆ ಸಿಮ್ ಬೇಡ, ದೇವರಾಯನದುರ್ಗದ ಕಾಡಲ್ಲಿ ಸಿಗ್ನಲ್ ಹೋದ್ರೂ ಅದಕ್ಕೆ ಏನೂ ಆಗಲ್ಲ. ಯುಎಸ್‌ಬಿ ಚಾರ್ಜರ್ ಕೂರಿಸೋಕೆ ಮೆಕ್ಯಾನಿಕ್‌ಗೆ ಸೇರಿಸಿ 500–600. ಬೇಸಿಗೇಲಿ ಬಿಸಿಲು ಜೊತೆಗೆ ಚಾರ್ಜೂ ಆದ್ರೆ ಫೋನ್ ಕಾದು ಸ್ಕ್ರೀನ್ ಮಂಕಾಗುತ್ತೆ, ಹನ್ನೊಂದರ ಮೇಲೆ ಚಾರ್ಜ್ ತೆಗೀತೀವಿ, ಟೀ ಕುಡಿಯೋವಾಗ ಮಾತ್ರ ಹಾಕ್ತೀವಿ.

ಪೆಟ್ರೋಲು ನನ್ ಸ್ಕೂಟರಿಗೆ ಒಳ್ರೋಡಲ್ಲಿ 45 ಬರುತ್ತೆ, ಟ್ಯಾಂಕು ಐದು ಲೀಟರ್ ಚಿಲ್ಲರೆ, 250 ಕಿಮೀಗೆ ಒಂದು ಟ್ಯಾಂಕ್ ಸಾಲಲ್ಲ, ಅದಕ್ಕೆ ಚಿಕ್ಕಬಳ್ಳಾಪುರದಲ್ಲಿ ಒಂದು ಸಲ ಹಾಕಿಸ್ಲೇಬೇಕು ಅಂತ ರೂಟಲ್ಲೇ ಬರೆದಿಟ್ಟಿದೀನಿ. ಒಬ್ಬೊಬ್ಬರಿಗೆ ಪೆಟ್ರೋಲು 600, ತಿಂಡಿ ಊಟ ಟೀ 250, ಅಷ್ಟೇ. ಆ್ಯಪ್ ಹೇಳೋ ಟೈಮ್ ನಂಬಬೇಡಿ, ನಾನು ಗಂಟೆಗೆ 30–32 ಕಿಮೀ ಅಂತ ಹಿಡೀತೀನಿ, ಮೇಲೆ ಎರಡು ಗಂಟೆ ನಿಲ್ಲೋಕೆ. ಸರಿಯಾಗಿ ಬರುತ್ತೆ.

ಆವಲಬೆಟ್ಟದ ಮೇಲೆ ಹತ್ತೂವರೆ ಸುಮಾರಿಗೆ ಇದ್ವಿ, ಗುಡಿಬಂಡೆ ಕೋಟೆ ಹತ್ತಿ ಇಳಿದು ಅಮಾನಿ ಭೈರಸಾಗರದ ಏರಿ ಹತ್ರ ಬುತ್ತಿ ಬಿಚ್ಚಿದ್ವಿ, ಮಧುಗಿರಿ ಏಕಶಿಲಾ ಬೆಟ್ಟ ಕಾಣೋ ಹೊತ್ತಿಗೆ ನಾಲ್ಕು ಗಂಟೆ ಆಗಿತ್ತು, ಒಬ್ರೂ ತಪ್ಪಿಸ್ಕೊಳ್ಳಲಿಲ್ಲ. ಹಿಂದೆ ಇದೇ ಗುಂಪು ಫೋನ್ ಮಾಡಿ ಮಾಡಿ ಒಬ್ರನ್ನೊಬ್ರು ಹುಡ್ಕೋದ್ರಲ್ಲೇ ಅರ್ಧ ದಿನ ಕಳೀತಿತ್ತು. ಬುಲೆಟ್ ಗುಂಪಿನ ಒಬ್ರು ಈಗ ಆ ಜಿಪಿಎಕ್ಸ್ ಕೇಳಿದ್ದಾರೆ, ಕೊಟ್ಟೂ ಆಯ್ತು. ಚಿಕ್ಕಬಳ್ಳಾಪುರದಿಂದ ಮಂಡಿಕಲ್‌ವರೆಗಿನ ಒಳದಾರಿ ತುಂಡು ಮಾತ್ರ ಕೊಟ್ಟಿಲ್ಲ, ಅಲ್ಲಿ ಬೆಟ್ಟದ ಬುಡದಲ್ಲಿ ಒಂದು ರೋಡಿದೆ, ಅದು ನಮ್ ಸ್ಕೂಟರ್ ಗುಂಪಿನದ್ದು. ಬೇಕಾದೋರು ಭಾನುವಾರ ಐದೂವರೆಗೆ ನಮ್ ಜೊತೆ ಬನ್ನಿ, ಟ್ಯಾಂಕ್ ಫುಲ್ ಮಾಡ್ಸಿ, ಟೈರಿಗೆ ಗಾಳಿ ಹಿಂದಿನ ದಿನವೇ ಹಿಡಿಸಿರಿ.