ಎಂಟು ಕಾಲಮ್, ಬಿಸಿನೀರು, ರೊಬಸ್ಟಾ ಬಿಟ್ಸ್: ನನ್ನ ಅನುಭವ

ಕುಶಾಲನಗರದ ಹತ್ತಿರದ ನನ್ನ ಶೆಡ್ಡಿನಲ್ಲಿ ಎಂಟು ಕಾಲಮ್‌ಗಳ ಕ್ರೊಮ್ಯಾಟೋಗ್ರಫಿ ಈಗ ನಿಲ್ಲದೆ ನಡೆಯುತ್ತಿದೆ. ರೆಸಿನ್ (ವಸ್ತುಗಳನ್ನು ಹಿಡಿದುಕೊಳ್ಳುವ ಸಣ್ಣ ಮಣಿಗಳು) ತುಂಬಿದ ಕಾಲಮ್‌ನಲ್ಲಿ ಒಂದು ವಸ್ತು ಬೇಗ, ಇನ್ನೊಂದು ನಿಧಾನವಾಗಿ ಸಾಗಿ ಬೇರೆಯಾಗುತ್ತವೆ, ಅದೇ ಕ್ರೊಮ್ಯಾಟೋಗ್ರಫಿ. ಕಾಲಮ್‌ಗಳನ್ನು ಉಂಗುರದಂತೆ ಜೋಡಿಸಿ, ದ್ರವ ಒಳಹೋಗುವ, ಹೊರಬರುವ ಜಾಗಗಳನ್ನು (ಪೋರ್ಟ್) ಆಗಾಗ ಮುಂದಿನ ಕಾಲಮ್ಮಿಗೆ ಸರಿಸುವ ವಿಧಾನ ನನ್ನದು, ಸಿಮ್ಯುಲೇಟೆಡ್ ಮೂವಿಂಗ್ ಬೆಡ್ ಅಂತಾರೆ. ಹುರಿಯದ ರೊಬಸ್ಟಾ ಕಾಫಿ ಬಿಟ್ಸ್‌ನ (ಒಡೆದ ಚೂರು ಬೀಜ) ಕಷಾಯ ಒಳಗೆ ಹೋಗುತ್ತದೆ. ಒಂದು ಪೈಪಿನಿಂದ ಕೆಫೀನ್, ಇನ್ನೊಂದರಿಂದ ಕ್ಲೋರೊಜೆನಿಕ್ ಆಸಿಡ್ ಬರುತ್ತದೆ. 'ಅದು ದೊಡ್ಡ ಫ್ಯಾಕ್ಟರಿಯವರ ಕೆಲಸ, ಸುಮ್ನೆ ದುಡ್ಡು ಸುರೀಬೇಡ' ಎಂದವರೇ ಜಾಸ್ತಿ. 1961ರಲ್ಲೇ ಪೇಟೆಂಟ್ ಆದ ವಿಧಾನ, ಪೆಟ್ರೋಕೆಮಿಕಲ್‌ನವರು, ಸಕ್ಕರೆಯವರು ದಶಕಗಳಿಂದ ನಡೆಸುತ್ತಿದ್ದಾರೆ. ನಮ್ಮಂಥವರಿಗೆ ಯಾಕಾಗಬಾರದು?

ಮೊದಲು ಒಂದೇ ದೊಡ್ಡ ಕಾಲಮ್ ಇತ್ತು. ಎರಡು ವಸ್ತುಗಳ ಪೀಕ್‌ಗಳೂ (ಅವು ಹೊರಬರುವ ಅಲೆಗಳು) ಒಂದರ ಮೇಲೊಂದು ಬೀಳುತ್ತಿದ್ದವು. ನಡುವಿನ ಭಾಗವನ್ನು ಮತ್ತೆ ಮತ್ತೆ ಓಡಿಸಬೇಕಿತ್ತು. ಲೀಟರ್ ಕಷಾಯಕ್ಕೆ 15-20 ಲೀಟರ್ ನೀರು ಹೋಗುತ್ತಿತ್ತು. ಅಷ್ಟನ್ನೂ ಆವಿ ಮಾಡಲು ಸಿಲ್ವರ್ ಓಕ್ ಸೌದೆ ಬೇಕು. ಕೆಫೀನ್ ಮಾರಿದ ಹಣವೆಲ್ಲ ಸೌದೆಗೇ ಹೋಯಿತು. ಈಗ ಅದೇ ಕೆಲಸಕ್ಕೆ ನಾಲ್ಕೈದು ಲೀಟರ್ ಸಾಕು. ನನಗೆ ಲಾಭ ಹುಟ್ಟಿದ್ದೇ ಇಲ್ಲಿ.

ಸಿದ್ಧ ಯಂತ್ರಕ್ಕೆ ಒಬ್ಬರು 60 ಲಕ್ಷದ ಮೇಲೆ ಹೇಳಿದರು. ನಾನು ನಾಲ್ಕು ಇಂಚು ಅಗಲ, ಮೂರು ಅಡಿ ಎತ್ತರದ ಸ್ಟೀಲ್ ಕಾಲಮ್‌ಗಳನ್ನು ಮಾಡಿಸಿಕೊಂಡೆ. ಕಾಲಮ್ಮಿಗೆ ಐದರಂತೆ 40 ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವವು). ಅವಕ್ಕೇ ಒಂದು ಲಕ್ಷದ ಆಸುಪಾಸು. ಪಂಪು, ಪಿಎಲ್‌ಸಿ (ವಾಲ್ವ್ ನಡೆಸುವ ಚಿಕ್ಕ ಕಂಪ್ಯೂಟರ್), ರೆಸಿನ್ ಎಲ್ಲ ಸೇರಿ ಐದೂವರೆ ಲಕ್ಷ ಆಗಿರಬಹುದು. ಮೊದಲ ಕಂತಿನ ವಾಲ್ವ್‌ಗಳ ರಬ್ಬರ್ ಸೀಲು ಬಿಸಿಗೆ ಊದಿಕೊಂಡು ಎಲ್ಲ ದಂಡವಾಯಿತು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಟೆಫ್ಲಾನ್ ಸೀಲಿಗೆ ದುಡ್ಡು ಕೊಡಿ, ಹಿಂದೆಮುಂದೆ ನೋಡಬೇಡಿ.

ಕಷಾಯವನ್ನು ಅದರ ಸಹಜ ಪಿಎಚ್‌ನಲ್ಲೇ, ಐದೂವರೆ-ಆರರಲ್ಲಿ, ಓಡಿಸುತ್ತೇನೆ. ಆಗ ಕ್ಲೋರೊಜೆನಿಕ್ ಆಸಿಡ್ ರೆಸಿನ್‌ಗೆ ಅಷ್ಟಾಗಿ ಅಂಟದೆ ರಾಫಿನೇಟ್‌ಗೆ (ಬೇಗ ಸಾಗುವ ವಸ್ತು ಹೊರಬರುವ ದ್ರವ) ಓಡುತ್ತದೆ, ಕೆಫೀನ್ ಹಿಂದೆ ಉಳಿದು ಎಕ್ಸ್‌ಟ್ರಾಕ್ಟ್ ಎನ್ನುವ ಇನ್ನೊಂದು ದ್ರವದಲ್ಲಿ ಬರುತ್ತದೆ. ಕ್ಷಾರದ ಕಡೆ ಹೋದರೆ ಕಷಾಯ ಹಸಿರಾಗುತ್ತದೆ, ಹುಷಾರು. ಎಲ್ಲರೂ ರೆಸಿನ್‌ನಿಂದ ಕೆಫೀನ್ ಇಳಿಸಲು ಸ್ಪಿರಿಟ್ (ಆಲ್ಕೊಹಾಲ್) ಬೇಕೇ ಬೇಕು ಅಂದರು. ಪರವಾನಗಿಗೆ ಅಲೆದೂ ಅಲೆದೂ ಸಾಕಾಗಿತ್ತು. 70 ಡಿಗ್ರಿ ಬಿಸಿನೀರು ಹಾಕಿ ನೋಡಿದೆ. ಕೆಲಸ ಮಾಡಿತು! ಬಾಯ್ಲರಿಗೆ ಕಾಫಿ ಸಿಪ್ಪೆಯೇ ಸಾಕು.

ಆದರೆ ಮಳೆಗಾಲ ನಮ್ಮನ್ನು ಸುಮ್ಮನೆ ಬಿಡುತ್ತದೆಯೇ? ಮಾರ್ಚ್‌ನಲ್ಲಿ ಸರಿಯಾಗಿದ್ದ ಸೆಟ್ಟಿಂಗ್ ಜುಲೈನಲ್ಲಿ ಕೈಕೊಟ್ಟಿತು. ಕಾಲಮ್ ತಣ್ಣಗಾದಂತೆ ಕೆಫೀನ್ ನಿಧಾನವಾಗುತ್ತದೆ, ಮೊದಲ ಝೋನ್‌ನಲ್ಲಿ (ಬಿಸಿನೀರು ಒಳಬರುವ ಭಾಗ) ಪೂರ್ತಿ ಇಳಿಯದೆ ಸುತ್ತಿಕೊಂಡು ಬಂದು ರಾಫಿನೇಟ್‌ಗೆ ಸೇರುತ್ತದೆ. ಎಂಟಕ್ಕೂ ಬಿಸಿನೀರಿನ ಜಾಕೆಟ್ ಹಾಕಿಸಿದ ಮೇಲೆ ತಹಬಂದಿಗೆ ಬಂತು. ಕರೆಂಟಿನ ಕಾಟ ಬೇರೆ. ಒಂದು ಗಂಟೆ ಹೋದರೂ ಒಳಗಿನ ಪಟ್ಟಿಗಳು ಹರಡಿಕೊಳ್ಳುತ್ತವೆ, ಮತ್ತೆ ಹದಕ್ಕೆ ಬರಲು ಅರ್ಧ ದಿನ. ಹಾಗಾಗಿ ಪಂಪು, ಪಿಎಲ್‌ಸಿಗೆ ಬ್ಯಾಟರಿ ಇಟ್ಟಿದ್ದೇನೆ.

ಪೋರ್ಟ್ ಬದಲಾವಣೆ ಸುಮಾರು ಎಂಟೊಂಬತ್ತು ನಿಮಿಷಕ್ಕೊಮ್ಮೆ. ಕಷಾಯ, ಬಿಸಿನೀರು, ಎಕ್ಸ್‌ಟ್ರಾಕ್ಟ್, ರಾಫಿನೇಟ್ ನಾಲ್ಕೂ ಪೋರ್ಟ್‌ಗಳನ್ನು ಒಟ್ಟಿಗೆ ತಿರುಗಿಸಿದರೆ ಪೈಪಿನಲ್ಲಿ ನಿಂತ ಹಳೆಯ ದ್ರವ ಎಕ್ಸ್‌ಟ್ರಾಕ್ಟ್ ಕೆಡಿಸುತ್ತದೆ. ಒಂದೊಂದನ್ನು ಸ್ವಲ್ಪ ತಡವಾಗಿ ತಿರುಗಿಸುತ್ತೇನೆ. ಯಾವುದು ಮೊದಲು, ಎಷ್ಟು ಸೆಕೆಂಡು ಅನ್ನುವುದು ನನ್ನ ಹತ್ತಿರವೇ ಇರಲಿ.

ಮಧ್ಯೆ ಕಾಚಂಪುಳಿಯನ್ನೂ (ಕೊಡಗಿನ ಕಪ್ಪು ಹಣ್ಣಿನ ಹುಳಿ) ಓಡಿಸಿದೆ, ಅದರ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ತೆಗೆಯೋಣ ಅಂತ. ಆ ಪ್ರಯೋಗಕ್ಕೆ ಬೇರೆ ಬಗೆಯ, ಅಯಾನ್ ಎಕ್ಸ್‌ಚೇಂಜ್ ರೆಸಿನ್ ತುಂಬಿಕೊಂಡೆ. ಕಾಯಿಸಿ ಕಾಯಿಸಿ ಮಾಡಿದ ಹುಳಿಯಲ್ಲಿ ಆಸಿಡ್ ಅರ್ಧಂಬರ್ಧ ಲ್ಯಾಕ್ಟೋನ್ (ಅದೇ ಆಸಿಡ್‌ನ ನೀರು ಕಳೆದ ರೂಪ) ಆಗಿರುತ್ತದೆ. ಒಂದೇ ವಸ್ತು ಎರಡು ರೂಪದಲ್ಲಿ ಬೇರೆ ಬೇರೆ ವೇಗದಲ್ಲಿ ಓಡುತ್ತದೆ. ಕೈಬಿಟ್ಟಿಲ್ಲ, ಹಸಿ ಹಣ್ಣಿನ ರಸದಲ್ಲಿ ಮತ್ತೆ ನೋಡುವೆ.

ಕಚ್ಚಾ ಮಾಲಿಗೆ ಕ್ಯೂರಿಂಗ್‌ನವರ (ಕಾಫಿ ಬೀಜ ಸಂಸ್ಕರಿಸುವವರ) ಹತ್ತಿರ ಬಿಟ್ಸ್ ಮಾತ್ರ ತಗೊಳ್ಳಿ. ಅಗ್ಗ ಅಂತ ಬ್ಲ್ಯಾಕ್ಸ್ (ಕಪ್ಪಾದ ಕೆಟ್ಟ ಬೀಜ) ತಂದರೆ ಕ್ಲೋರೊಜೆನಿಕ್ ಕಡಿಮೆ, ಬಣ್ಣ ಜಾಸ್ತಿ. ಕಷಾಯವನ್ನು ಒಮ್ಮೆ ಚೆನ್ನಾಗಿ ಬಿಸಿ ಮಾಡಿ, ರಾತ್ರಿ ಇಳಿಯಲು ಬಿಟ್ಟು ಸೋಸಿ. ಇಲ್ಲದಿದ್ದರೆ ಜಾಲರಿ ಕಟ್ಟಿಕೊಂಡು ಪ್ರೆಷರ್ ಏರುತ್ತದೆ.

ಈಗ ಕೆಫೀನ್ ಶುದ್ಧತೆ 98 ಶೇಕಡಾ ಹತ್ತಿರ ಬರುತ್ತಿದೆ. ಎಕ್ಸ್‌ಟ್ರಾಕ್ಟ್ ಗಟ್ಟಿ ಮಾಡಿ ಡಿಸೆಂಬರ್ ರಾತ್ರಿ ಹೊರಗಿಟ್ಟರೆ ಬೆಳಿಗ್ಗೆ ಸೂಜಿ ಸೂಜಿ ಹರಳು. ರಾಫಿನೇಟ್‌ನಲ್ಲಿ ಸಕ್ಕರೆ ಇರುತ್ತದೆ. ಪಿಎಚ್ ಮೂರಕ್ಕೆ ಇಳಿಸಿ ಇನ್ನೊಂದು ಕಾಲಮ್ ದಾಟಿಸಿದರೆ ಕ್ಲೋರೊಜೆನಿಕ್ 60 ಶೇಕಡಾ ಮೇಲೆ. ಮಾರುಕಟ್ಟೆಯಲ್ಲಿ 50ರ ಪುಡಿಯೇ ಹೆಚ್ಚು ಓಡುವುದು. 2024ರಲ್ಲಿ ರೊಬಸ್ಟಾ ಜೊತೆ ಬಿಟ್ಸ್ ಕೂಡ ತುಟ್ಟಿಯಾಗಿ ಕೈ ಕಚ್ಚಿತು, ಆದರೂ ಹಾಕಿದ ದುಡ್ಡು ಹತ್ತಿರ ಹತ್ತಿರ ವಾಪಸ್ ಬಂದಿದೆ. ಕಾಫಿಗೆ ಮೊದಲು ತುಂಬಿದ ರೆಸಿನ್ನೇ ಈಗಲೂ ಓಡುತ್ತಿದೆ.